ಹಳೆಯ ಥೋರೆನ್ಸ್ ಟಿಡಿ 160 ರಿಪೇರಿ: ಮೊದಲು ಬೆಲ್ಟು, ಮಿಕ್ಕಿದ್ದೆಲ್ಲ ಆಮೇಲೆ

ಅಟ್ಟ ಖಾಲಿ ಮಾಡಿಸುತ್ತಿದ್ದ ಅತ್ತೆ ಫೋನ್ ಮಾಡಿದ್ದರು. “ನಿಮ್ಮ ಮಾವನ ರೆಕಾರ್ಡ್ ಪ್ಲೇಯರ್ ಇದೆ ನೋಡಪ್ಪ. ಬೇಕಿದ್ರೆ ತಗೊಂಡು ಹೋಗು, ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ.” ಸಂಜೆಯೊಳಗೆ ಹೋಗಿ ಎತ್ತಿಕೊಂಡು ಬಂದೆ. ಮುಚ್ಚಳ ತೆಗೆದರೆ ಒಂದು ಸತ್ತ ಜಿರಲೆ, ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಭಾರದ ಪ್ಲ್ಯಾಟರ್ (ರೆಕಾರ್ಡ್ ಕೂರುವ, ತಿರುಗುವ ತಟ್ಟೆ) ಎತ್ತಿದರೆ ಕೆಳಗೆ ಬೆಲ್ಟು ಕರಗಿ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ಮಾವ 1970ರ ದಶಕದಲ್ಲಿ ಜರ್ಮನಿಯಲ್ಲಿ ಕೆಲಸದಲ್ಲಿದ್ದಾಗ ಕೊಂಡ ಥೋರೆನ್ಸ್ ಟಿಡಿ 160 ಅದು.

ಈಗ ಅದು ನಮ್ಮ ಮನೆಯ ಹಾಲಿನಲ್ಲಿ ದಿನಾ ತಿರುಗುತ್ತದೆ. ಅದನ್ನು ಸರಿ ಮಾಡಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಹತ್ತಿರ ಇರುವುದು ಬೇರೆ ಕಂಪನಿಯದ್ದಾದರೂ ಪರವಾಗಿಲ್ಲ. ಬೆಲ್ಟಿನಿಂದ ತಿರುಗುವ ಪ್ಲೇಯರ್ ಆದರೆ ಮುಕ್ಕಾಲು ಪಾಲು ಕೆಲಸ ಇದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೆ ಪ್ಲೇಯರ್ ಸಿಕ್ಕ ಕೂಡಲೇ ಹೊಸ ಟೋನ್‌ಆರ್ಮ್ (ಮುಳ್ಳನ್ನು ಹಿಡಿದಿರುವ ಉದ್ದ ತೋಳು), ಹೊಸ ಕೇಬಲ್, ಹೊಸ ಮ್ಯಾಟ್ (ತಟ್ಟೆಯ ಮೇಲಿನ ಹಾಸು) ಅಂತ ಆರ್ಡರ್ ಮಾಡಲು ಕೂರಬೇಡಿ. ಕಾರ್ಖಾನೆಯಿಂದ ಹೊರಬಿದ್ದಾಗ ಹೇಗಿತ್ತೋ ಮೊದಲು ಆ ಸ್ಥಿತಿಗೆ ತನ್ನಿ. ಹದಿನೈದು ದಿನ ಸುಮ್ನೆ ಕೇಳಿ. ಆಮೇಲೆ ಒಂದೊಂದೇ ಬದಲಾಯಿಸಿ, ಪ್ರತಿ ಸಲವೂ ಅದೇ ರೆಕಾರ್ಡ್ ಹಾಕಿ ಕೇಳಿ. ಎರಡು ವಸ್ತು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಇದು ಯಾವ ಥರದ ಪ್ಲೇಯರ್

ಥೋರೆನ್ಸ್ 1883ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಶುರುವಾದ ಕಂಪನಿ. ಮೊದಲು ಮಾಡುತ್ತಿದ್ದದ್ದು ಕೀಲಿ ಕೊಟ್ಟರೆ ಹಾಡುವ ಸಂಗೀತದ ಪೆಟ್ಟಿಗೆಗಳನ್ನು. ಟಿಡಿ 160 ಬಂದದ್ದು 1972ರಲ್ಲಿ. ತಯಾರಾಗುತ್ತಿದ್ದದ್ದು ಜರ್ಮನಿಯ ಲಾರ್ ಊರಿನಲ್ಲಿ.

ಇದರ ಒಳಗಿನ ಕಟ್ಟೋಣ ಗೊತ್ತಿದ್ದರೆ ಅರ್ಧ ರಿಪೇರಿ ಆದಂತೆ. ಮೋಟರ್ ಇರುವುದು ಮೇಲಿನ ಲೋಹದ ತಗಡಿನಲ್ಲಿ. ಪ್ಲ್ಯಾಟರ್ ಮತ್ತು ಟೋನ್‌ಆರ್ಮ್ ಎರಡೂ ಇನ್ನೊಂದು ಒಳಚೌಕಟ್ಟಿನ ಮೇಲೆ ಇರುತ್ತವೆ. ಆ ಒಳಚೌಕಟ್ಟು ಮೂರು ಸ್ಪ್ರಿಂಗುಗಳ ಮೇಲೆ ಕೂತಿರುತ್ತದೆ. ಮೋಟರಿಗೂ ಅದಕ್ಕೂ ಇರುವ ನಂಟು ಒಂದು ರಬ್ಬರ್ ಬೆಲ್ಟ್ ಮಾತ್ರ. ಹಾಗಾಗಿ ಮೋಟರಿನ ನಡುಕ ಮುಳ್ಳಿನ ತನಕ ತಲುಪುವುದಿಲ್ಲ. ಯೋಚನೆ ಚೆನ್ನಾಗಿದೆ. ಆದರೆ ಐವತ್ತು ವರ್ಷ ಆದಮೇಲೆ ಕೆಡುವುದೂ ಇಲ್ಲೇ: ಬೆಲ್ಟು, ಸ್ಪ್ರಿಂಗು, ಒಣಗಿದ ಎಣ್ಣೆ.

ಪ್ಲಗ್ ಹಾಕುವ ಮೊದಲು

ಅಟ್ಟದಿಂದ ಇಳಿಸಿದ ಕೂಡಲೇ ಪ್ಲಗ್ ಹಾಕಿ “ತಿರುಗುತ್ತಾ ನೋಡೋಣ” ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಮೊದಲು ಲೇಬಲ್ ಓದಿ. 220 ವೋಲ್ಟ್, 50 ಹರ್ಟ್ಜ್ ಅಂತ ಇದ್ದರೆ ನಿಶ್ಚಿಂತೆ. ಯುರೋಪಿನಿಂದ ಬಂದವು ಸಾಮಾನ್ಯವಾಗಿ ಹಾಗೇ ಇರುತ್ತವೆ.

ಅಮೆರಿಕದಲ್ಲಿದ್ದ ಅಣ್ಣನೋ ಅಕ್ಕನೋ ವಾಪಸು ಬರುವಾಗ ತಂದದ್ದಾದರೆ ಎರಡು ತೊಡಕು. ಒಂದು 110 ವೋಲ್ಟ್. ಅದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಾಕು. ಇನ್ನೊಂದು 60 ಹರ್ಟ್ಜ್, ಇದನ್ನು ತುಂಬಾ ಜನ ಮರೆಯುತ್ತಾರೆ. ಈ ಮೋಟರಿನ ವೇಗ ಕರೆಂಟಿನ ಹರ್ಟ್ಜ್ ಮೇಲೆ ನಿಂತಿದೆ. 60 ಹರ್ಟ್ಜಿಗೆ ಇರುವ ಪುಲ್ಲಿ (ಮೋಟರಿನ ತುದಿಯಲ್ಲಿ ಬೆಲ್ಟು ಸುತ್ತಿಕೊಳ್ಳುವ ಗಾಲಿ) ನಮ್ಮ 50 ಹರ್ಟ್ಜಿನಲ್ಲಿ ತಿರುಗಿದರೆ ನಿಮಿಷಕ್ಕೆ 33⅓ ಸುತ್ತಿನ ಬದಲು 28ರ ಹತ್ತಿರ ಬರುತ್ತದೆ. ಐದು ಮನೆ ಶ್ರುತಿಯಲ್ಲಿ ಹಾಡಿದವರು ಮೂರು ಮನೆಗೆ ಇಳಿದಿರುತ್ತಾರೆ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆಯೇ ಹೊರತು ಹರ್ಟ್ಜ್ ಬದಲಾಯಿಸುವುದಿಲ್ಲ. 50 ಹರ್ಟ್ಜ್ ಪುಲ್ಲಿಯನ್ನೇ ಹುಡುಕಿ ತರಿಸಬೇಕು.

ಇನ್ನು ಕರೆಂಟ್ ವೈರ್. ಬಗ್ಗಿಸಿದರೆ ಹೊರಗಿನ ಪ್ಲಾಸ್ಟಿಕ್ ಬಿರುಕು ಬಿಡುತ್ತದೆಯಾ ನೋಡಿ. ಬಿಟ್ಟರೆ ಪೂರ್ತಿ ವೈರ್ ಬದಲಾಯಿಸಿ, ಟೇಪ್ ಸುತ್ತಬೇಡಿ. ಸ್ವಿಚ್ಚಿಗೆ ಸೇರಿದ ಹಾಗೆ ಒಂದು ಚಿಕ್ಕ ಕೆಪಾಸಿಟರ್ ಇರುತ್ತದೆ. ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಅದೇ ಅಳತೆಯ, ಮೇನ್ಸ್ ಕರೆಂಟಿಗೆಂದೇ ಮಾಡಿದ ಎಕ್ಸ್2 ದರ್ಜೆಯ ಕೆಪಾಸಿಟರ್ ಹಾಕಿ. ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದ್ದೇ ಇದೆ. “ಎಕ್ಸ್2” ಅಂತ ಒತ್ತಿ ಕೇಳಿ, ಯಾವುದೋ ಒಂದನ್ನು ತಂದು ಮೇನ್ಸ್ ಕರೆಂಟಿಗೆ ಹಾಕುವುದು ಅಪಾಯ. ಬೆಸುಗೆ ಹಾಕಿ ಅಭ್ಯಾಸ ಇಲ್ಲದಿದ್ದರೆ ಈ ಒಂದು ಕೆಲಸವನ್ನು ಗೊತ್ತಿರುವವರಿಂದ ಮಾಡಿಸಿ. ಒಳಗೆ ಕೈ ಹಾಕುವಾಗಲೆಲ್ಲ ಪ್ಲಗ್ ಗೋಡೆಯಿಂದ ಹೊರಗೇ ಇರಲಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಬಿಚ್ಚುವುದು

ಬೇಕಾದ ಸಾಮಾನು ಜಾಸ್ತಿ ಇಲ್ಲ. ಎರಡು ಮೂರು ಸ್ಕ್ರೂಡ್ರೈವರ್, ಸ್ಪ್ಯಾನರ್ ಸೆಟ್, ಮೂತಿ ಚೂಪಾದ ಪ್ಲೈಯರ್, ಚಿಮಟ, ಕಿವಿಗೆ ಹಾಕುವ ಹತ್ತಿಕಡ್ಡಿ, ಐಸೊಪ್ರೊಪೈಲ್ ಆಲ್ಕೋಹಾಲ್, ತೆಳು ಎಣ್ಣೆ, ಮಟ್ಟಗೋಲು. ಜೊತೆಗೆ ಒಂದು ಇಡ್ಲಿ ತಟ್ಟೆ. ತಮಾಷೆ ಅಲ್ಲ. ಬಿಚ್ಚಿದ ಸ್ಕ್ರೂಗಳನ್ನು ಒಂದೊಂದು ಗುಳಿಯಲ್ಲಿ ಕ್ರಮವಾಗಿ ಹಾಕುತ್ತಾ ಹೋದರೆ ವಾಪಸು ಜೋಡಿಸುವಾಗ ತಲೆ ಕೆರೆದುಕೊಳ್ಳಬೇಕಾಗಿಲ್ಲ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ, ಮುಖ್ಯವಾಗಿ ವೈರುಗಳದ್ದು.

ಮೊದಲು ಮುಳ್ಳಿಗೆ ಕವಚ ಹಾಕಿ. ಈ ಮಾದರಿಯಲ್ಲಿ ಟೋನ್‌ಆರ್ಮಿನ ಮುಂದಿನ ತುದಿಯ ಭಾಗವನ್ನು ಒಂದು ಸುತ್ತುಬಳೆ ತಿರುಗಿಸಿ ಕಳಚಬಹುದು. ಕಾರ್ಟ್ರಿಜ್ (ಮುಳ್ಳು ಸಿಕ್ಕಿಸಿರುವ ಚಿಕ್ಕ ಡಬ್ಬಿ) ಸಮೇತ ಅದನ್ನು ತೆಗೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಆಮೇಲೆ ರಬ್ಬರ್ ಮ್ಯಾಟ್, ಹೊರ ಪ್ಲ್ಯಾಟರ್. ಒಳಗಿನದ್ದೂ ಸೇರಿ ಪ್ಲ್ಯಾಟರ್ ತೂಕ 3.2 ಕೆ.ಜಿ. ಹೊರಗಿನದನ್ನು ಎರಡೂ ಕಡೆ ಸಮನಾಗಿ ಹಿಡಿದು ನೇರ ಮೇಲಕ್ಕೆ ಎತ್ತಿ. ಕೆಳಗೆ ಬೆಲ್ಟ್ ಸುತ್ತಿಕೊಳ್ಳುವ ಒಳ ಪ್ಲ್ಯಾಟರ್ ಕಾಣುತ್ತದೆ. ಅದರ ನಡುವಿನ ಉಕ್ಕಿನ ಕಡ್ಡಿ ಬೇರಿಂಗಿನ ಬಾವಿಯಲ್ಲಿ ಇಳಿದಿರುತ್ತದೆ. ಎಳೆದರೆ ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ ಅನಿಸುತ್ತದೆ. ಅದು ಗಾಳಿಯ ಹಿಡಿತ, ಬೇರಿಂಗ್ ಚೆನ್ನಾಗಿದೆ ಅನ್ನುವುದಕ್ಕೆ ಗುರುತು. ಜಗ್ಗಬೇಡಿ, ನಿಧಾನವಾಗಿ ಎತ್ತಿ.

ಬೇರಿಂಗ್: ಎರಡು ಹನಿ ಸಾಕು

ಉಕ್ಕಿನ ಕಡ್ಡಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ. ನಮ್ಮದರಲ್ಲಿ ಬಂದದ್ದು ಕಪ್ಪು ಕಾಡಿಗೆ. ಹತ್ತಿಕಡ್ಡಿಗೆ ಆಲ್ಕೋಹಾಲ್ ಮುಟ್ಟಿಸಿ ಬಾವಿಯ ಒಳಗೂ ಒರೆಸಿ. ಬಾವಿ ಆಳ, ಹಾಗಾಗಿ ಹತ್ತಿಕಡ್ಡಿಯನ್ನು ಬಿದಿರಿನ ಕಡ್ಡಿಗೆ ಕಟ್ಟಿಕೊಂಡೆ. ಹತ್ತಿ ಬಿಳಿಯಾಗಿಯೇ ಹೊರಬರುವ ತನಕ ಒರೆಸುತ್ತಿರಿ. ಹತ್ತಿಯ ಎಳೆ ಒಳಗೆ ಉಳಿಯದ ಹಾಗೆ ಜಾಗ್ರತೆ. ಉಕ್ಕಿನ ಕಡ್ಡಿಯ ಮೇಲೆ ಉಗುರಿಗೆ ತಗಲುವ ಗೀರು ಇದ್ದರೆ ಮಾತ್ರ ಚಿಂತೆ, ಬಣ್ಣ ಮಾಸಿದ್ದರೆ ಏನೂ ಆಗುವುದಿಲ್ಲ.

ಒಣಗಿದ ಮೇಲೆ ಎರಡು ಮೂರು ಹನಿ ತೆಳು ಎಣ್ಣೆ. ಹೊಲಿಗೆ ಮಿಷನ್ನಿಗೆ ಹಾಕುವ ಒಳ್ಳೆಯ ಎಣ್ಣೆ ನಡೆಯುತ್ತದೆ. ತೆಂಗಿನೆಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಗ್ರೀಸ್ ಯಾವುದೂ ಬೇಡ. ಇದಕ್ಕೂ ಮೊದಲು ನನ್ನ ಹತ್ತಿರ ಇನ್ನೊಂದು ಹಳೆ ಪ್ಲೇಯರ್ ಇತ್ತು. ಅದನ್ನು ಒಬ್ಬರು ರಿಪೇರಿಯವರಿಗೆ ಕೊಟ್ಟಿದ್ದೆ. ಅವರು ಬೇರಿಂಗಿನ ತುಂಬಾ ಗಾಡಿಗೆ ಹಾಕುವ ಗ್ರೀಸ್ ತುಂಬಿ ಕಳಿಸಿದರು. ಬೇಸಿಗೆಯಲ್ಲಿ ಹೇಗೋ ತಿರುಗಿತು. ಡಿಸೆಂಬರಿನ ಬೆಳಿಗ್ಗೆ ಹಾಕಿದರೆ ಸುಪ್ರಭಾತವೂ ತೂಕಡಿಸುತ್ತಿತ್ತು. ಆವತ್ತಿನಿಂದ ಈ ಕೆಲಸ ನಾನೇ ಮಾಡಿಕೊಳ್ಳುತ್ತೇನೆ.

ಎಣ್ಣೆ ಹಾಕಿ ಒಳ ಪ್ಲ್ಯಾಟರ್ ಇಳಿಸಿದರೆ ಅದು ಧಪ್ಪೆಂದು ಬೀಳುವುದಿಲ್ಲ, ಗಾಳಿ ಹೊರಗೆ ಹೋದಂತೆ ನಿಧಾನವಾಗಿ ತಾನೇ ಕೂರುತ್ತದೆ. ಒತ್ತಬೇಡಿ. ಉಕ್ಕಿ ಹೊರಬಂದ ಎಣ್ಣೆ ಒರೆಸಿಬಿಡಿ. ಬೆಲ್ಟಿಗೆ ತಾಗಿದರೆ ಬೆಲ್ಟು ಜಾರುತ್ತದೆ.

ಮೋಟರ್, ಪುಲ್ಲಿ, ಬೆಲ್ಟ್

ಬೆಲ್ಟ್ ಇಲ್ಲದೆ ಮೋಟರ್ ಒಂದನ್ನೇ ಓಡಿಸಿ. ಮರದ ಸೌಟಿನ ಒಂದು ತುದಿಯನ್ನು ಮೋಟರಿನ ಪಕ್ಕದ ತಗಡಿಗೆ ಮುಟ್ಟಿಸಿ, ಇನ್ನೊಂದು ತುದಿಯನ್ನು ಕಿವಿಗೆ ಇಟ್ಟು ಕೇಳಿ. ಸಣ್ಣ ಗುಂಯ್ ಸದ್ದು ಸಹಜ. ಗರಗರ, ಕಿರಕಿರ ಬಂದರೆ ಪ್ಲಗ್ ಕಿತ್ತು, ಮೋಟರಿನ ಕಡ್ಡಿ ಹೊರಬರುವ ಜಾಗಕ್ಕೆ ಒಂದು ಹನಿ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಸಾಮಾನ್ಯವಾಗಿ ಅಷ್ಟರಲ್ಲೇ ಸುಮ್ಮನಾಗುತ್ತದೆ. ಸದ್ದು ಇಲ್ಲದ ಮೋಟರನ್ನು ಸುಮ್ನೆ ಬಿಚ್ಚಬೇಡಿ.

ಪುಲ್ಲಿಯಲ್ಲಿ ಎರಡು ಮೆಟ್ಟಿಲು: ಚಿಕ್ಕದು 33ಕ್ಕೆ, ದೊಡ್ಡದು 45ಕ್ಕೆ. ವೇಗದ ಗುಂಡಿ ತಿರುಗಿಸಿದರೆ ಒಂದು ಕವಲು ಬೆಲ್ಟನ್ನು ಮೇಲೆ ಕೆಳಗೆ ತಳ್ಳುತ್ತದೆ. ಹಳೆ ಬೆಲ್ಟಿನ ಅಂಟು ಇಲ್ಲೆಲ್ಲ ಮೆತ್ತಿರುತ್ತದೆ. ಆಲ್ಕೋಹಾಲಿನಲ್ಲಿ ಒರೆಸಿ ತೆಗೆಯಿರಿ. ಚಾಕು, ಬ್ಲೇಡ್ ಬೇಡ. ಉಗುರು ಬಣ್ಣ ತೆಗೆಯುವ ದ್ರವವೂ ಬೇಡ, ಕೆಲವು ಮಾದರಿಗಳಲ್ಲಿ ಒಳ ಪ್ಲ್ಯಾಟರ್ ಪ್ಲಾಸ್ಟಿಕ್ಕಿನದು, ಕರಗಿಬಿಡುತ್ತದೆ.

ಬೆಲ್ಟನ್ನು “ಟಿಡಿ 160” ಅಂತ ಹೆಸರು ಹೇಳಿಯೇ ಕೊಳ್ಳಿ. ಅಂದಾಜಿನ ಬೆಲ್ಟು ಗಿಡ್ಡವಾದರೆ ಬೇರಿಂಗನ್ನು ಒಂದು ಕಡೆಗೆ ಎಳೆಯುತ್ತದೆ, ದಪ್ಪವಾದರೆ ವೇಗ ಜಾಸ್ತಿಯಾಗುತ್ತದೆ. ಕೈ ತೊಳೆದು ಹಾಕಿ, ಬೆವರು ಮತ್ತು ಎಣ್ಣೆಯ ಕೈ ಬೆಲ್ಟಿಗೆ ಆಗದು. ಮೊದಲು ಒಳ ಪ್ಲ್ಯಾಟರಿಗೆ ಸುತ್ತಿ, ಆಮೇಲೆ ಬೆರಳಲ್ಲಿ ಎಳೆದು ಕವಲಿನ ಮೂಲಕ ಪುಲ್ಲಿಗೆ ಸೇರಿಸಿ. ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ. ತಿರುಚಿಕೊಂಡಿದ್ದರೆ ಕಾಣುತ್ತದೆ.

ವೇಗ ಅಳೆಯಲು ಗೆರೆ ಎಳೆದ ಸ್ಟ್ರೋಬ್ ತಟ್ಟೆ ಸಿಗುತ್ತದೆ. ನಮ್ಮ 50 ಹರ್ಟ್ಜಿಗೆ, 33⅓ ವೇಗಕ್ಕೆ 180 ಗೆರೆಯದ್ದು ಬೇಕು. ಚೋಕ್ ಇರುವ ಹಳೆ ಟ್ಯೂಬ್‌ಲೈಟಿನ ಕೆಳಗೆ ನೋಡಿದರೆ ಗೆರೆಗಳು ನಿಂತ ಹಾಗೆ ಕಾಣಬೇಕು. ಎಲ್‌ಇಡಿ ಬಲ್ಬಿನ ಕೆಳಗೆ ಈ ಆಟ ನಡೆಯದಿರಬಹುದು, ಎಷ್ಟೋ ಎಲ್‌ಇಡಿಗಳ ಬೆಳಕು ಆ ಥರ ಮಿಡಿಯುವುದಿಲ್ಲ. ಮೊಬೈಲ್ ಆ್ಯಪ್ ಕೂಡ ಇವೆ, ಫೋನನ್ನು ಪ್ಲ್ಯಾಟರ್ ಮೇಲೆ ಇಟ್ಟರೆ ಸುತ್ತು ಲೆಕ್ಕ ಹಾಕುತ್ತವೆ.

ಆದರೆ ನನ್ನ ಮೆಚ್ಚಿನ ಪರೀಕ್ಷೆ ಬೇರೆ. ಭೀಮಸೇನ ಜೋಶಿಯವರದ್ದೋ ಮಲ್ಲಿಕಾರ್ಜುನ ಮನ್ಸೂರರದ್ದೋ ಎಲ್‌ಪಿ ಹಾಕಿ, ಆಲಾಪಕ್ಕೆ ಮೊದಲು ಬರುವ ತಂಬೂರಿಯನ್ನು ಕೇಳಿ. ತಂಬೂರಿ ಒಂದೇ ಶ್ರುತಿಯಲ್ಲಿ ನಿಲ್ಲುವ ವಾದ್ಯ. ವೇಗ ಚೂರು ಅಲುಗಿದರೂ ಗುಟ್ಟು ಬಿಟ್ಟುಕೊಡುತ್ತದೆ. ಶ್ರುತಿ ತೂಗುತ್ತಿದ್ದರೆ ಗಡಿಯಾರ ಹಿಡಿದು ಎಣಿಸಿ. ಸರಿಯಾಗಿ 1.8 ಸೆಕೆಂಡಿಗೊಮ್ಮೆ ತೂಗಿದರೆ ಅದು ತಟ್ಟೆಯ ಒಂದು ಸುತ್ತು. ಆಗ ಮೊದಲ ಅನುಮಾನ ರೆಕಾರ್ಡಿನ ಮೇಲೆ, ಅದರ ರಂಧ್ರ ನಟ್ಟ ನಡುವೆ ಇಲ್ಲದಿರಬಹುದು. ಬೇರೆ ರೆಕಾರ್ಡ್ ಹಾಕಿ ನೋಡಿ. ನಡುಕ ಸೆಕೆಂಡಿಗೆ ಆರು ಸಲದಷ್ಟು ವೇಗವಾಗಿದ್ದರೆ ಪುಲ್ಲಿಯ ಮೇಲೆ ಇನ್ನೂ ಅಂಟು ಉಳಿದಿದೆ ಅಂತ ಅರ್ಥ. 50 ಹರ್ಟ್ಜಿನಲ್ಲಿ ಈ ಮೋಟರ್ ತಿರುಗುವುದು ನಿಮಿಷಕ್ಕೆ 375 ಸುತ್ತು, ಅಂದರೆ ಸೆಕೆಂಡಿಗೆ ಆರು ಚಿಲ್ಲರೆ. ನನಗೆ ಸಿಕ್ಕಿದ್ದು ಇದೇ. ಪುಲ್ಲಿಯ ಹಿಂಬದಿಯಲ್ಲಿ ಸಾಸಿವೆಯಷ್ಟು ಅಂಟು ಉಳಿದಿತ್ತು.

ಸ್ಪ್ರಿಂಗ್: ತಾಳ್ಮೆ ಇರುವ ದಿನ ಮಾಡಿ

ಈ ಪ್ಲೇಯರಿನ ಪ್ರಾಣ ಇಲ್ಲಿದೆ. ರಬ್ಬರ್ ವಾಷರುಗಳು ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಮೊದಲು ಬದಲಾಯಿಸಿ. ಸ್ಪ್ರಿಂಗುಗಳನ್ನು ಬದಲಾಯಿಸುವ ಅಗತ್ಯ ನನಗೆ ಬರಲಿಲ್ಲ, ನಿಮಗೂ ಬರಲಿಕ್ಕಿಲ್ಲ.

ಪ್ಲೇಯರಿನ ತಳದ ಹಲಗೆ ಬಿಚ್ಚಿ. ಒಂದೇ ಎತ್ತರದ ಎರಡು ಪುಸ್ತಕದ ಅಟ್ಟಿಯ ಮೇಲೆ ಎರಡು ಅಂಚು ಕೂರುವ ಹಾಗೆ ಇಡಿ, ನಡುವೆ ಕೈ ಹೋಗಬೇಕು. ಅಲುಗಾಡುವಂತಿದ್ದರೆ ಇಟ್ಟಿಗೆ ವಾಸಿ. ಮಟ್ಟಗೋಲಿನಿಂದ ಮರದ ಪೆಟ್ಟಿಗೆಯ ಮಟ್ಟ ಸರಿ ಮಾಡಿ. ಈಗ ಎಲ್ಲವನ್ನೂ ಜೋಡಿಸಿ: ಎರಡೂ ಪ್ಲ್ಯಾಟರ್, ಬೆಲ್ಟ್, ಮ್ಯಾಟ್, ಟೋನ್‌ಆರ್ಮ್, ಕಾರ್ಟ್ರಿಜ್, ಹಾಳಾದರೂ ಬೇಸರವಿಲ್ಲದ ಒಂದು ರೆಕಾರ್ಡ್. ನಿಜವಾದ ಭಾರ ಇಲ್ಲದೆ ಸ್ಪ್ರಿಂಗ್ ಸರಿ ಮಾಡಿದರೆ ವ್ಯರ್ಥ.

ಮೊದಲು ಎತ್ತರ ನೋಡಿ. ಪ್ಲ್ಯಾಟರಿನ ಅಂಚಿಗೂ ಕೆಳಗಿನ ತಗಡಿಗೂ ನಡುವಿನ ಸಂದು ಸುತ್ತಲೂ ಒಂದೇ ಇರಬೇಕು. ಟೋನ್‌ಆರ್ಮ್ ಕೂತ ಹಲಗೆ ಮೇಲಿನ ತಗಡಿನ ಮಟ್ಟಕ್ಕೆ ಬರಬೇಕು, ಎಲ್ಲೂ ಉಜ್ಜಬಾರದು. ಕೆಳಗಿನಿಂದ ಮೂರು ಸ್ಪ್ರಿಂಗಿನ ನಟ್ಟುಗಳನ್ನು ಅರ್ಧರ್ಧ ಸುತ್ತು ತಿರುಗಿಸುತ್ತಾ ಇದನ್ನು ಹೊಂದಿಸಿ. ಒಂದು ನಟ್ಟು ಮುಟ್ಟಿದರೆ ಉಳಿದ ಎರಡು ಕಡೆಯೂ ಸ್ವಲ್ಪ ಬದಲಾಗುತ್ತದೆ. ಕೋಪ ಮಾಡಿಕೊಳ್ಳಬೇಡಿ, ಅದರ ಸ್ವಭಾವವೇ ಹಾಗೆ.

ಆಮೇಲೆ ಕುಣಿತ. ನಡುವಿನ ಕಡ್ಡಿಯ ಪಕ್ಕ ಒಂದು ಬೆರಳಿಂದ ಮೆಲ್ಲಗೆ ಒತ್ತಿ ಬಿಡಿ. ಪ್ಲ್ಯಾಟರ್ ಒನಕೆಯ ಹಾಗೆ ನೇರ ಮೇಲೆ ಕೆಳಗೆ ಆಡಬೇಕು. ಏಳೆಂಟು ಸಲ ಆಡಿ ನಿಲ್ಲಬೇಕು. ಜಾತ್ರೆಯ ತೊಟ್ಟಿಲಿನ ಹಾಗೆ ಅಡ್ಡ ತೂಗಿದರೆ, ಸುತ್ತು ತಿರುಚಿದರೆ ಸರಿಯಿಲ್ಲ. ಎತ್ತರ ಸರಿಯಿದ್ದೂ ಅಡ್ಡ ತೂಗುತ್ತಿದ್ದರೆ ಸ್ಪ್ರಿಂಗನ್ನೇ ಅದರ ಜಾಗದಲ್ಲಿ ಕಾಲು ಸುತ್ತು ತಿರುಗಿಸಿ ನೋಡಿ. ಸ್ಪ್ರಿಂಗಿನ ಕೊನೆಯ ಸುತ್ತು ಎಲ್ಲಿ ಮುಗಿಯುತ್ತದೋ ಆ ಕಡೆಗೆ ಅದು ಸ್ವಲ್ಪ ವಾಲುತ್ತದೆ. ಮೂರನ್ನೂ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಮೂರೂ ಹೊಂದಿಕೊಳ್ಳುತ್ತವೆ.

ಇಷ್ಟೆಲ್ಲ ಮಾಡಿಯೂ ನಮ್ಮದು ಎರಡು ಭಾನುವಾರ ಕೈ ಕೊಟ್ಟಿತು. ಎಷ್ಟು ಸರಿ ಮಾಡಿದರೂ ಟೋನ್‌ಆರ್ಮ್ ಇರುವ ಮೂಲೆ ತಡವರಿಸುತ್ತಿತ್ತು. ಮೂರನೆಯ ಭಾನುವಾರ ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದೆ. ಟೋನ್‌ಆರ್ಮಿನಿಂದ ಹೊರಗೆ ಹೋಗುವ ಕೇಬಲ್ ಬಿಗಿಯಾಗಿ ಎಳೆದುಕೊಂಡಿತ್ತು. ಮೂರು ಸ್ಪ್ರಿಂಗಿನ ಜೊತೆಗೆ ನಾಲ್ಕನೆಯ ಸ್ಪ್ರಿಂಗಿನ ಹಾಗೆ ಅದು ಕೆಲಸ ಮಾಡುತ್ತಿತ್ತು! ಕ್ಲಿಪ್ ಸಡಿಲಿಸಿ, ಒಳಚೌಕಟ್ಟಿಗೂ ಪೆಟ್ಟಿಗೆಗೂ ನಡುವೆ ಕೇಬಲ್ ಒಂದು ಸಡಿಲ ಬಳೆಯಾಗಿ ತೂಗುವ ಹಾಗೆ ಮಾಡಿದೆ. ಮರುಕ್ಷಣ ಕುಣಿತ ಸರಿಯಾಯಿತು. ಆದ್ದರಿಂದ ನಟ್ಟಿಗೆ ಕೈ ಹಾಕುವ ಮೊದಲು ಕೇಬಲ್ ನೋಡಿ.

ಕಾರ್ಟ್ರಿಜ್ ಕೂರಿಸುವುದು

ಹಳೆ ಮುಳ್ಳನ್ನು ನಂಬಬೇಡಿ. ಎಷ್ಟು ಓಡಿದೆಯೋ ಯಾರಿಗೂ ನೆನಪಿರುವುದಿಲ್ಲ, ಸವೆದ ಮುಳ್ಳು ರೆಕಾರ್ಡನ್ನು ಕೆರೆದುಹಾಕುತ್ತದೆ. ಪೂರ್ತಿ ಕಾರ್ಟ್ರಿಜ್ ಬದಲಾಯಿಸುವುದು ಒಳ್ಳೆಯದು. ಆಡಿಯೊ ಟೆಕ್ನಿಕಾದ ವಿಎಂ95ಇ, ಆರ್ಟೊಫೋನ್‌ನ 2ಎಂ ರೆಡ್, ಎರಡೂ ಈ ಟೋನ್‌ಆರ್ಮಿಗೆ ಹೊಂದುತ್ತವೆ. ನಾನು ಮೊದಲನೆಯದನ್ನು ಹಾಕಿದೆ. ಮುಂದೆ ಮನಸ್ಸಾದರೆ ಕಾರ್ಟ್ರಿಜ್ ಕದಲಿಸದೆ ಮುಳ್ಳು ಮಾತ್ರ ಮೇಲ್ದರ್ಜೆಯದ್ದು ಹಾಕಬಹುದು ಅನ್ನುವುದು ಕಾರಣ.

ನಾಲ್ಕು ವೈರ್: ಕೆಂಪು ಬಲಗಡೆಯ ಪ್ಲಸ್, ಹಸಿರು ಬಲಗಡೆಯ ಮೈನಸ್, ಬಿಳಿ ಎಡಗಡೆಯ ಪ್ಲಸ್, ನೀಲಿ ಎಡಗಡೆಯ ಮೈನಸ್. ಕಾರ್ಟ್ರಿಜ್ ಹಿಂದೆಯೂ ಗುರುತು ಇರುತ್ತದೆ. ವೈರಿನ ತುದಿಯ ಪುಟ್ಟ ಲೋಹದ ಟೋಪಿಯನ್ನು ಚಿಮಟದಲ್ಲಿ ಹಿಡಿದು ತಳ್ಳಬೇಕು, ವೈರನ್ನು ಹಿಡಿದು ಎಳೆಯಬಾರದು. ಆ ವೈರ್ ಕೂದಲಿಗಿಂತ ಚೂರು ದಪ್ಪ ಅಷ್ಟೆ. ನಾನು ಅವಸರಪಟ್ಟು ನೀಲಿಯದನ್ನು ಕಿತ್ತೆ. ಟೋಪಿಯನ್ನು ಬೇರೆಯಾಗಿ ಹಿಡಿದು ಬೆಸುಗೆ ಹಾಕಿ ಸರಿ ಮಾಡಬಹುದು. ಆದರೆ ಟೋಪಿ ಕಾರ್ಟ್ರಿಜ್ ಮೇಲಿರುವಾಗ ಬೆಸುಗೆ ಹಾಕಲೇಬೇಡಿ, ಬಿಸಿಗೆ ಒಳಗಿನ ಸುರುಳಿ ಸಾಯುತ್ತದೆ. ಟೋಪಿ ಬಿಗಿಯಾಗಿದ್ದರೆ ಹಲ್ಲುಕಡ್ಡಿ ತೂರಿಸಿ ಸ್ವಲ್ಪ ಅಗಲ ಮಾಡಿ. ಇನ್ನೊಂದು ಜಾಗ್ರತೆ: ಕಾರ್ಟ್ರಿಜ್ ಒಳಗೆ ಅಯಸ್ಕಾಂತ ಇದೆ. ಉಕ್ಕಿನ ಸ್ಕ್ರೂಡ್ರೈವರ್ ಹತ್ತಿರ ಬಂದರೆ ತಟ್ಟನೆ ಎಳೆದುಕೊಳ್ಳುತ್ತದೆ. ಸ್ಕ್ರೂ ಬಿಗಿಯುವಾಗ ಮುಳ್ಳಿನ ಭಾಗವನ್ನೇ ಕಳಚಿ ಪಕ್ಕಕ್ಕಿಡಿ.

ಈಗ ಭಾರ. ಆ್ಯಂಟಿಸ್ಕೇಟಿಂಗ್ (ತೋಳು ನಡುವಿನ ಕಡೆಗೆ ಎಳೆದುಕೊಂಡು ಹೋಗದಂತೆ ತಡೆಯುವ ಗುಂಡಿ) ಸೊನ್ನೆಗೆ, ಭಾರದ ಗುಂಡಿಯೂ ಸೊನ್ನೆಗೆ. ಹಿಂದಿನ ತೂಕದ ಗುಂಡನ್ನು ತಿರುಗಿಸಿ ಟೋನ್‌ಆರ್ಮ್ ತಕ್ಕಡಿಯ ದಂಡಿನ ಹಾಗೆ ಗಾಳಿಯಲ್ಲಿ ಸಮನಾಗಿ ನಿಲ್ಲುವಂತೆ ಮಾಡಿ. ಆಮೇಲೆ ಕಂಪನಿ ಹೇಳಿದಷ್ಟು ಭಾರ ಕೊಡಿ. ವಿಎಂ95ಇಗೆ 2 ಗ್ರಾಂ, 2ಎಂ ರೆಡ್‌ಗೆ 1.8 ಗ್ರಾಂ. ಹಳೆ ಗುಂಡಿಯ ಅಂಕಿಗಳನ್ನು ಪೂರ್ತಿ ನಂಬಬೇಡಿ, ಒಳಗಿರುವುದು ಐವತ್ತು ವರ್ಷದ ಸ್ಪ್ರಿಂಗ್. ಮುಳ್ಳಿನ ಭಾರ ಅಳೆಯುವ ಪುಟ್ಟ ಡಿಜಿಟಲ್ ತಕ್ಕಡಿ ಆನ್‌ಲೈನಿನಲ್ಲಿ ಸಿಗುತ್ತದೆ, ತರಿಸಿಕೊಳ್ಳಿ. “ಕಡಿಮೆ ಭಾರ ಹಾಕಿದರೆ ರೆಕಾರ್ಡ್ ಉಳಿಯುತ್ತದೆ” ಅನ್ನುವುದು ತಪ್ಪು. ಭಾರ ಸಾಲದೆ ಮುಳ್ಳು ಗೀರಿನೊಳಗೆ ಎಗರಾಡಿದರೆ ಆಗುವ ಹಾನಿಯೇ ಜಾಸ್ತಿ.

ಕೊನೆಗೆ ಕೋನ. ಎರಡು ಚುಕ್ಕೆಯ ಅಳತೆ ಹಾಳೆಯನ್ನು ಪ್ರಿಂಟ್ ತೆಗೆದುಕೊಳ್ಳಿ. ನಡುವಿನಿಂದ 66 ಮತ್ತು 121 ಮಿ.ಮೀ. ದೂರದಲ್ಲಿ ಚುಕ್ಕೆ ಇರುವ ಹಾಳೆ ಸಾಕು. ಪ್ರಿಂಟರ್ ಪುಟಕ್ಕೆ ಹೊಂದಿಸಲು ಹೋಗಿ ಹಾಳೆಯನ್ನು ಕುಗ್ಗಿಸಿಬಿಡುತ್ತದೆ, ಆದ್ದರಿಂದ ಸ್ಕೇಲ್ ಇಟ್ಟು ಅಳೆದು ನೋಡಿ. ಮುಳ್ಳನ್ನು ಒಂದೊಂದು ಚುಕ್ಕೆಯ ಮೇಲೆ ಇಳಿಸಿದಾಗ ಕಾರ್ಟ್ರಿಜ್ಜಿನ ಪಕ್ಕಗಳು ಹಾಳೆಯ ಗೆರೆಗೆ ಸಮಾನಾಂತರ ಇರಬೇಕು. ಎರಡು ಚುಕ್ಕೆಯಲ್ಲೂ ಬರುವ ತನಕ ಕಾರ್ಟ್ರಿಜ್ಜನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ. ಒಂದು ಕಾಫಿ ಕುಡಿದು ಬಂದು ಮತ್ತೊಮ್ಮೆ ನೋಡಿ. ಸ್ಕ್ರೂ ಬಿಗಿಯುವಾಗ ಕದಲಿರುತ್ತದೆ, ಅಲ್ವಾ? ಆ್ಯಂಟಿಸ್ಕೇಟಿಂಗನ್ನು ಭಾರದಷ್ಟೇ ಅಂಕಿಗೆ ಇಟ್ಟರೆ ಶುರುವಿಗೆ ಸಾಕು.

ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಕಾರ್ಟ್ರಿಜ್ ಆದಮೇಲೆ ಮುಂದಿನ ಖರ್ಚು ಫೋನೋ ಪ್ರಿಆ್ಯಂಪ್. ರೆಕಾರ್ಡ್ ಕೊರೆಯುವಾಗ ಮಂದ್ರದ ಸದ್ದನ್ನು ತಗ್ಗಿಸಿ, ತಾರದ ಸದ್ದನ್ನು ಏರಿಸಿ ಕೊರೆದಿರುತ್ತಾರೆ. ಇದಕ್ಕೆ 1954ರಲ್ಲಿ ಬಂದ ಆರ್‌ಐಎಎ ಅನ್ನುವ ಒಂದೇ ಅಳತೆ ಇದೆ. ಕೇಳುವಾಗ ಅದನ್ನು ತಿರುಗಾಮುರುಗಾ ಮಾಡಬೇಕು. ಜೊತೆಗೆ ಕಾರ್ಟ್ರಿಜ್ ಕೊಡುವ ವಿದ್ಯುತ್ತು ಸುಮಾರು 5 ಮಿಲಿವೋಲ್ಟ್, ಸಿಡಿ ಪ್ಲೇಯರ್ ಕೊಡುವುದು 2 ವೋಲ್ಟ್. ಈ ಎರಡೂ ಕೆಲಸ ಪ್ರಿಆ್ಯಂಪಿನದು. ಹಳೆ ಆಂಪ್ಲಿಫೈಯರಿನಲ್ಲಿ “ಫೋನೋ” ಅಂತ ತೂತಿದ್ದರೆ ಒಳಗೇ ಇದೆ, ಬೇರೆ ಬೇಡ. ಇಲ್ಲದೆ ನೇರ ಹಾಕಿದರೆ ಸದ್ದು ಸಣ್ಣಗೆ, ತಗಡು ಬಡಿದ ಹಾಗೆ ಬರುತ್ತದೆ. ಎಷ್ಟೋ ಜನ ಪ್ಲೇಯರ್ ಕೆಟ್ಟಿದೆ ಅಂದುಕೊಳ್ಳುವುದು ಇಲ್ಲೇ. ಗುಂಯ್ ಅನ್ನುತ್ತಿದ್ದರೆ ಪ್ಲೇಯರಿನಿಂದ ಬರುವ ಬೇರೆ ಅರ್ಥ್ ವೈರನ್ನು ಪ್ರಿಆ್ಯಂಪಿನ ಅರ್ಥ್ ಸ್ಕ್ರೂವಿಗೆ ಬಿಗಿದಿದ್ದೀರಾ ನೋಡಿ.

ತಳದ ತೆಳು ಹಲಗೆಯ ಬದಲು 12 ಮಿ.ಮೀ. ಪ್ಲೈವುಡ್ ಹಾಕಿಸಿದೆ. ಬಡಗಿಗೆ ಅರ್ಧ ಗಂಟೆ ಕೆಲಸ. ಮೇಲಿನ ತಗಡಿನ ಒಳಮೈಗೆ ಕಾರಿನ ಬಾಗಿಲಿಗೆ ಅಂಟಿಸುವ ಡ್ಯಾಂಪಿಂಗ್ ಶೀಟಿನ ತುಂಡು ಅಂಟಿಸಿದೆ. ಬೆಂಗಳೂರಿನ ಜೆಸಿ ರೋಡಿನಲ್ಲಿ ಕಾರಿನ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ. ಬೆರಳಲ್ಲಿ ತಟ್ಟಿದರೆ ಮೊದಲು ಟಣ್ ಅನ್ನುತ್ತಿತ್ತು, ಈಗ ಟಪ್ ಅನ್ನುತ್ತದೆ. ಒಳಚೌಕಟ್ಟಿಗೆ ಮಾತ್ರ ಏನನ್ನೂ ಅಂಟಿಸಬೇಡಿ. ಭಾರ ಬದಲಾದರೆ ಸ್ಪ್ರಿಂಗಿನ ಪಾಠ ಮತ್ತೆ ಮೊದಲಿನಿಂದ. ರೆಕಾರ್ಡಿನ ಮೇಲೆ ಇಡುವ ಹಿತ್ತಾಳೆಯ ತೂಕದ ಗುಂಡು ನೋಡಲು ಚಂದ, ಆದರೆ ಸ್ಪ್ರಿಂಗ್ ಇರುವ ಪ್ಲೇಯರಿಗೆ ಅದು ಬೇಡ. ಇದೂ ಅದೇ ಕಾರಣಕ್ಕೆ.

ಟೋನ್‌ಆರ್ಮ್ ಬದಲಾಯಿಸುವವರೂ ಇದ್ದಾರೆ. ಬೇರಿಂಗಿನಲ್ಲಿ ಆಟ ಬಂದಿದ್ದರೆ ಅದು ಸರಿ. ಚೆನ್ನಾಗಿರುವ ಹಳೆಯದನ್ನು ಕಿತ್ತು ಹಾಕುವುದಕ್ಕೆ ನನ್ನ ಕೈ ಬರಲಿಲ್ಲ. ತೋಳನ್ನು ಎತ್ತಿ ಇಳಿಸುವ ಲಿವರ್ ಇಳಿಸಿದಾಗ ಆರ್ಮ್ ಧಡಕ್ಕನೆ ಬೀಳುತ್ತಿತ್ತು. ಎತ್ತುಗೋಲಿನ ಒಳಗಿನ ಸಿಲಿಕೋನ್ ಎಣ್ಣೆ ಒಣಗಿತ್ತು. ಜೇನಿಗಿಂತ ಗಟ್ಟಿಯಾದ ಸಿಲಿಕೋನ್ ಎಣ್ಣೆ ತರಿಸಿ ಸವರಿದೆ, ಈಗ ಎಲೆ ಉದುರಿದ ಹಾಗೆ ಇಳಿಯುತ್ತದೆ. ಮುಚ್ಚಳದ ಗೀರುಗಳು ಬ್ರಾಸೊ ಹಾಕಿ ಉಜ್ಜಿದರೆ ಬಹುಪಾಲು ಹೋಗುತ್ತವೆ. ಕೈ ನೋಯುತ್ತದೆ, ಅಷ್ಟೆ.

ಇಡುವ ಜಾಗ ಗಟ್ಟಿಯಾಗಿರಲಿ, ಸ್ಪೀಕರ್ ಇಟ್ಟ ಮೇಜಿನ ಮೇಲೆ ಬೇಡ. ಸೀಲಿಂಗ್ ಫ್ಯಾನಿನ ನೇರ ಕೆಳಗೂ ಬೇಡ, ಧೂಳೆಲ್ಲ ರೆಕಾರ್ಡಿನ ಮೇಲೆ. ವಿದೇಶದವರ ಬರಹಗಳಲ್ಲಿ ಹೆಜ್ಜೆ ಸಪ್ಪಳಕ್ಕೆ ಮುಳ್ಳು ಜಿಗಿಯುವ ದೂರು ಜಾಸ್ತಿ ಕಾಣುತ್ತದೆ. ಅವರದ್ದು ಮರದ ನೆಲ. ನಮ್ಮ ಮೊಸಾಯಿಕ್ ನೆಲದ ಮೇಲೆ ಮಕ್ಕಳು ಕುಣಿದರೂ ನಮ್ಮದು ಕದಲಿಲ್ಲ.

ರೆಕಾರ್ಡುಗಳ ವಿಚಾರ

ಮುಳ್ಳಿನ ಧೂಳನ್ನು ಮೃದು ಕುಂಚದಲ್ಲಿ ಹಿಂದಿನಿಂದ ಮುಂದಕ್ಕೆ ಮಾತ್ರ ಎಳೆಯಿರಿ. ಎಲ್‌ಪಿ, ಇಪಿಗಳನ್ನು ಡಿಸ್ಟಿಲ್ಡ್ ವಾಟರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೃದು ಬಟ್ಟೆಯಲ್ಲಿ ಗೀರಿನ ಗುಂಟ ಒರೆಸಿ, ಬರೀ ನೀರಿನಲ್ಲಿ ಮತ್ತೊಮ್ಮೆ ತೊಳೆದರೆ ಸಾಕು. ಲೇಬಲ್ ನೆನೆಯದಿರಲಿ. ತೊಳೆದದ್ದನ್ನು ಬಿಸಿಲಿಗೆ ಇಡಬೇಡಿ, ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ಮಾವನ ಪೆಟ್ಟಿಗೆಯಲ್ಲಿ ಎಲ್‌ಪಿಗಳ ಕೆಳಗೆ ಹಳೆಯ 78 ವೇಗದ ಅರಗಿನ ತಟ್ಟೆಗಳೂ ಹನ್ನೊಂದು ಇದ್ದವು. ಅವನ್ನು ಆಲ್ಕೋಹಾಲಿನಲ್ಲಿ ಒರೆಸಲೇಬೇಡಿ, ಅರಗು ಕರಗುತ್ತದೆ. ಟಿಡಿ 160ರಲ್ಲಿ 78ರ ವೇಗವೇ ಇಲ್ಲ, ಅದರ ಗೀರಿಗೆ ಬೇಕಾದ ಅಗಲ ಮುಳ್ಳೂ ಬೇರೆ. ಹನ್ನೊಂದನ್ನೂ ತಣ್ಣೀರಲ್ಲಿ ಒರೆಸಿ, ಕಾಗದದ ಕವರಿಗೆ ಹಾಕಿ, ನಿಲ್ಲಿಸಿ ಇಟ್ಟಿದ್ದೇನೆ. ಅತ್ತೆ ಮೊನ್ನೆ ಫೋನ್ ಮಾಡಿ ಅಟ್ಟದಲ್ಲಿ ಕೀಲಿ ಕೊಡುವ ಪೆಟ್ಟಿಗೆ ಒಂದು ಇನ್ನೂ ಇದೆ ಅಂದರು.